ಚಿಕ್ಕಮ್ಮ ಟ್ರೋಲ್ "ಆಗಲಿಲ್ಲ"

"ಅಕ್ಕ, ಚಿಕ್ಕಮ್ಮ ಟ್ರೋಲ್ ಆಗಿದ್ದಾರೆ ನೋಡು" ಅಂತ ನಿನ್ನೆ ರಾತ್ರಿ ತಮ್ಮ ಫೋನ್ ಮುಂದೆ ಹಿಡಿದ. ನಗ್ತಾ ಇದ್ದ.

ಚಿಕ್ಕಮ್ಮ ಪತ್ರೊಡೆ ಮಾಡುವ ರೀಲ್ ಹಾಕಿದ್ದರು. ಕೆಸುವಿನ ಎಲೆಗೆ ಹಿಟ್ಟು ಹಚ್ಚುತ್ತಾ 'ರೆಸಿಪಿ' ಅನ್ನುವ ಕಡೆ 'ರಿಸೀಟ್' ಅಂದುಬಿಟ್ಟಿದ್ದರು. ಯಾವುದೋ ಪೇಜಿನವರು ಅಷ್ಟನ್ನೇ ಕತ್ತರಿಸಿ, ಮೂರು ಸಲ ತಿರುಗಿಸಿ, ಹಿಂದೆ ಕತ್ತೆ ಕೂಗು ಸೇರಿಸಿ ಹಾಕಿದ್ದಾರೆ.

ನನಗೆ ಆ ವಿಡಿಯೋಗಿಂತ ಜಾಸ್ತಿ ಸಿಟ್ಟು ಬಂದಿದ್ದು ತಮ್ಮನ ಮಾತಿಗೆ. ಟ್ರೋಲ್ 'ಆಗಿದ್ದಾರೆ'. ಮಳೆಗೆ ಒದ್ದೆ ಆದ ಹಾಗೆ, ನೆಗಡಿ ಆದ ಹಾಗೆ. ಮಾಡಿದವರು ಯಾರೂ ಇಲ್ವಾ?

ಈ ಪದ ಮೊದಲು ಹೀಗಿರಲಿಲ್ಲ. ಟ್ರೋಲಿಂಗ್ ಅಂದರೆ ದೋಣಿಯ ಹಿಂದೆ ಗಾಳ ಬಿಟ್ಟು ಎಳೆದುಕೊಂಡು ಹೋಗೋದು. 1990ರ ದಶಕದ ಶುರುವಿನಲ್ಲಿ, ಇಂಟರ್ನೆಟ್ಟಿನ ಹಳೆಯ ಚರ್ಚಾ ಗುಂಪುಗಳ ಜಾಲವಾದ ಯೂಸ್‌ನೆಟ್‌ನಲ್ಲಿ ಹಳಬರು ಬೇಕಂತಲೇ ಸವೆದುಹೋದ ಪ್ರಶ್ನೆ ಕೇಳುತ್ತಿದ್ದರು. ಹೊಸಬರು ಅದಕ್ಕೆ ಶ್ರದ್ಧೆಯಿಂದ ಉತ್ತರ ಬರೆದರೆ ಗಾಳಕ್ಕೆ ಬಿದ್ದರು ಅಂತ ಲೆಕ್ಕ. ಆಮೇಲೆ ಗಾಳ ಹಾಕುವವನಿಗೇ ಟ್ರೋಲ್ ಅನ್ನುವ ಹೆಸರು ಬಂತು. ಅಂದರೆ ಅದು ಮಾಡುವವನ ಹೆಸರಾಗಿತ್ತು. ನಮ್ಮ ಬಾಯಲ್ಲಿ ಅದು ಅನುಭವಿಸಿದವರ ಮೈಗೆ ಅಂಟಿಕೊಂಡಿದೆ. ಪೇಪರಿನವರು 'ಟ್ರೋಲಿಗರು' ಅಂತ ಬರೀತಾರೆ, ನಿಜ. ಮನೆಯಲ್ಲಿ ಯಾರು ಹಾಗೆ ಮಾತಾಡ್ತಾರೆ?

ನಮ್ಮದು ಮಲ್ಪೆ, ಮೀನುಗಾರಿಕೆಯ ಊರು, ನಿಮಗೆ ಗೊತ್ತೇ ಇದೆ. ಗಾಳಕ್ಕೆ ಮೀನು ತಾನಾಗಿ ಬಂದು ಬಾಯಿ ಹಾಕಬೇಕು. ಟ್ರಾಲ್ ಬೋಟಿನ ಬಲೆ ಹಾಗಲ್ಲ, ಮರಿ ಮೀನನ್ನೂ ಬಿಡದೆ ಬಾಚಿಕೊಂಡು ಬರುತ್ತೆ. ಈಗಿನ ಟ್ರೋಲ್ ಆ ಬಲೆ. ಬೋಟಿಗಾದರೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇದೆ. ಇದಕ್ಕೆ ಅದೂ ಇಲ್ಲ.

ಪದಗಳ ಅರ್ಥ ಬದಲಾಗುತ್ತೆ, ಅದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀಯ ಅಂತೀರಿ. ಬದಲಾಗಲಿ. 'ಬೆಂಕಿ' ಅನ್ನೋದು ಈಗ ಹೊಗಳಿಕೆ, ನನಗದು ಇಷ್ಟ. ಆದರೆ 'ಚಿಕ್ಕಮ್ಮನನ್ನ ಹೀಯಾಳಿಸಿದ್ರು' ಅಂದಿದ್ದರೆ ತಮ್ಮ ನಗುತ್ತಿರಲಿಲ್ಲ. 'ಯಾರು?' ಅಂತ ಎದ್ದು ನಿಲ್ಲುತ್ತಿದ್ದ. ಗೇಲಿ, ಅಣಕ, ಹೀಯಾಳಿಕೆ, ಇಷ್ಟೆಲ್ಲ ಪದ ಇಟ್ಟುಕೊಂಡು ನಾವು ಟ್ರೋಲ್ ಅಂತೀವಿ. ಅದರಲ್ಲಿ ಯಾರಿಗೂ ತಪ್ಪು ಕಾಣಲ್ಲ.

ನನಗೂ ಕಂಡಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತರಕಾರಿ ಮಾರುವವರೊಬ್ಬರ ವಿಡಿಯೋನ ನಾನೇ ಮೂರು ಗ್ರೂಪಿಗೆ ಕಳಿಸಿದ್ದೆ, 'ಹೆಂಗೆ ಟ್ರೋಲ್ ಆಗಿದ್ದಾರೆ ನೋಡಿ' ಅಂತ. ಅವರ ಮಕ್ಕಳು ಅದನ್ನ ನೋಡಿರಬಹುದು. ನಿನ್ನೆ ರಾತ್ರಿಯಿಡೀ ಅದೇ ತಲೆಯಲ್ಲಿತ್ತು.

ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ರೀಲ್ ತೆಗೆದುಹಾಕಿದ್ದಾರೆ. ಪೇಜಿನವರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅದನ್ನ ಸರಿಯಾಗಿ ಹೆಂಗೆ ಹೇಳೋದು ಮಗಾ, ಒಂದ್ಸಲ ಹೇಳಿಕೊಡು" ಅಂದರು. ಹೇಳಿಕೊಟ್ಟೆ. ಆ ಕಡೆಯಿಂದ ಸಣ್ಣ ದನಿಯಲ್ಲಿ ಎರಡು ಸಲ ಹೇಳಿಕೊಂಡರು. ರೆಸಿಪಿ. ರೆಸಿಪಿ.