ಸ್ಟ್ಯಾಂಡು ತರುವವರು ಯಾರು?

ಇಲ್ಲಿ ಇಂಗ್ಲೆಂಡಿನ ಮದುವೆಗಳಲ್ಲಿ ಎಷ್ಟೋ ಸಲ ಕೇಕು ಒಬ್ಬರದು, ಅದನ್ನು ಇಡುವ ಸ್ಟ್ಯಾಂಡು ಇನ್ನೊಬ್ಬರದು, ಮೇಜು ಹಾಲ್‌ನವರದು. ಬೆಂಗಳೂರು, ಮಂಗಳೂರಿನಲ್ಲಿ ರಿಸೆಪ್ಷನ್ ಕೇಕಿಗೆ ಆರ್ಡರ್ ಕೊಟ್ಟರೆ ಸಾಮಾನ್ಯವಾಗಿ ಬೇಕರಿಯವರೇ ಸ್ಟ್ಯಾಂಡು ಹೊತ್ತು ತಂದು ಜೋಡಿಸಿ ಹೋಗುತ್ತಾರೆ. ಸ್ಟ್ಯಾಂಡು ವಾಪಸ್ ಬಂದ ಮೇಲೆ ಅದಕ್ಕಿಟ್ಟ ಡಿಪಾಸಿಟ್ ಹಿಂದಕ್ಕೆ ಕೊಡುತ್ತಾರೆ. ನನಗೆ ಊರಿನ ಪದ್ಧತಿಯೇ ಸರಿ ಅನಿಸುತ್ತದೆ. ಕೇಕು ವಾಲಿದರೆ ಅಲ್ಲಿ ಕೇಳುವುದಕ್ಕೊಬ್ಬರು ಇರುತ್ತಾರೆ. ಇಲ್ಲಿ ಕೇಕಿನವರು ಸ್ಟ್ಯಾಂಡಿನತ್ತ, ಸ್ಟ್ಯಾಂಡಿನವರು ಮೇಜಿನತ್ತ ಕೈ ತೋರಿಸುತ್ತಾರೆ.

ಹಾಗಂತ ನಮ್ಮ ಸ್ಟ್ಯಾಂಡುಗಳೇ ಗಟ್ಟಿ ಎಂದು ಬೀಗಬೇಕಾಗಿಲ್ಲ. ಊರಲ್ಲಿ ಐದು ಅಂತಸ್ತಿನ ಕೇಕು ನಿಂತಿದ್ದರೆ ನಾಲ್ಕು ಥರ್ಮೋಕೋಲ್ ಆಗಿರುವುದೂ ಉಂಟು. ಕತ್ತರಿಸುವುದಕ್ಕೆ ಒಂದೇ ನಿಜದ್ದು, ಸ್ಟ್ಯಾಂಡಿಗೆ ಅಂಥ ಭಾರವೇ ಇರುವುದಿಲ್ಲ. ಇಲ್ಲಿಯ ಹಳೇ ಕ್ರಮದ ಕೇಕಿನ ತುಂಬ ಒಣದ್ರಾಕ್ಷಿ, ಮೇಲೆ ಬಾದಾಮಿ, ಸಕ್ಕರೆ ಸೇರಿಸಿದ ಮಾರ್ಜಿಪಾನ್ ಪದರ, ಅದರ ಮೇಲೆ ಮೊಟ್ಟೆಯ ಬಿಳಿ, ಸಕ್ಕರೆ ಪುಡಿ ಕಲಸಿದ ರಾಯಲ್ ಐಸಿಂಗ್. 6, 9, 12 ಇಂಚಿನ ಮೂರು ಅಂತಸ್ತು ಸೇರಿದರೆ ಹತ್ತು ಕಿಲೋ ದಾಟುತ್ತದೆ. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಗೆ ಮಾಡಿದ ಕೇಕು ನಾಲ್ಕು ಅಂತಸ್ತು, 9 ಅಡಿ ಎತ್ತರ, 500 ಪೌಂಡ್ ತೂಕ. ಅಂತಸ್ತುಗಳ ನಡುವೆ ಕಂಬ ಕೊಟ್ಟ ಆ ಮಾದರಿಯ ಕೇಕು ನಿಲ್ಲುವುದು ರಾಯಲ್ ಐಸಿಂಗ್ ಒಣಗಿ ಕಲ್ಲಿನಂತಾಗುವುದರಿಂದ. ಈಗ ಹೊದಿಸುವ ಫಾಂಡೆಂಟ್ ಎಂಬ ಸಕ್ಕರೆ ಹಾಳೆ ಮೆತ್ತಗಿರುತ್ತದೆ, ಕಂಬ ಒಳಗಿಳಿಯುತ್ತದೆ. ಅದಕ್ಕೇ ಕೆಳಗಿನ ಅಂತಸ್ತಿನೊಳಗೆ ತಳದ ಬೋರ್ಡ್ ಮುಟ್ಟುವ ತನಕ ಡವೆಲ್ ಎಂಬ ಆಸರೆ ಕಡ್ಡಿ ಇಳಿಸಬೇಕು. ಕಡ್ಡಿಗಳನ್ನೆಲ್ಲ ಕೇಕಿನ ಅತಿ ಎತ್ತರದ ಜಾಗದ ಅಳತೆಗೆ ಸಮ ಮಾಡಿ ಕತ್ತರಿಸಬೇಕು. ಒಂದೊಂದನ್ನೂ ಅದದರ ಜಾಗದ ಎತ್ತರಕ್ಕೆ ಕತ್ತರಿಸಿದರೆ ಕೆಳಗಿನ ಕೇಕಿನ ಓರೆ ಹಾಗೇ ಮೇಲಿನದಕ್ಕೂ ಹತ್ತುತ್ತದೆ, ಆಮೇಲೆ ಎಲ್ಲರೂ ಪಾಪದ ಸ್ಟ್ಯಾಂಡನ್ನು ಬೈಯುತ್ತಾರೆ.

ಬಾಡಿಗೆಗೆ ತರುವುದಾದರೆ ಕೇಕಿನ ಅಳತೆ ಹೇಳಬೇಡಿ, ತಳದ ಬೋರ್ಡಿನ ಅಳತೆ ಹೇಳಿ. 12 ಇಂಚಿನ ಕೇಕಿಗೆ 15 ಇಂಚಿನ ಬೋರ್ಡ್ ಇದ್ದರೆ ಸ್ಟ್ಯಾಂಡಿನ ತಲೆ 16 ಇಂಚು ಇರಲಿ. 12 ಇಂಚಿನ ಸ್ಟ್ಯಾಂಡು ತಂದರೆ ಬೋರ್ಡು ಸುತ್ತಲೂ ಒಂದೂವರೆ ಇಂಚು ಹೊರಚಾಚುತ್ತದೆ. ಫೋಟೋಗೆ ನಿಂತ ಮದುಮಕ್ಕಳು ಚಾಕು ಇಡುವುದು ಅಂಚಿಗೇ, ಅದೂ ನಾಲ್ಕು ಕೈ ಸೇರಿಸಿ. ಇಲ್ಲಿಯ ಬೆಳ್ಳಿ ಲೇಪದ, ಕನ್ನಡಿ ತಲೆಯ ಸ್ಟ್ಯಾಂಡುಗಳು ನೋಡಲು ಚಂದ, ಆದರೆ ಜಾರುತ್ತವೆ. ಬೋರ್ಡಿನಡಿ ರಬ್ಬರಿನ ಜಾಳಿಗೆ ಮ್ಯಾಟಿನ ತುಂಡು ಹಾಕಲೇಬೇಕು. ಒಂದೇ ಕಾಲಿನ ಗಾಜಿನ ಸ್ಟ್ಯಾಂಡಿಗೆ ಒಂದಂತಸ್ತಿನ ಸ್ಪಂಜ್ ಕೇಕು ಸಾಕು. ತಲೆಗೂ ಕಾಲಿಗೂ ನಡುವೆ ತಿರುಪು ಇದ್ದರೆ ಮೊದಲು ತಿರುಗಿಸಿ ನೋಡಿ, ಬಿಗಿಯಾಗಿರುವುದೇ ಅಪರೂಪ. ಎಸ್ ಆಕಾರದ ಕಬ್ಬಿಣದ ಸ್ಟ್ಯಾಂಡಿನಲ್ಲಿ ದೊಡ್ಡ ಕೇಕನ್ನು ಕೆಳಗಿನ ತಟ್ಟೆಗೆ ಮೊದಲು ಇಡಬೇಕು, ತೆಗೆಯುವಾಗ ಕೊನೆಗೆ ತೆಗೆಯಬೇಕು. ಕ್ರಮ ತಪ್ಪಿದರೆ ಇಡೀ ಸ್ಟ್ಯಾಂಡೇ ಮಗುಚುತ್ತದೆ.

ಬಾಡಿಗೆ ಸಿಗದಿದ್ದರೆ? ಇಲ್ಲಿಯವರು ಅಡ್ಡ ಸೀಳಿದ ಮರದ ಬಿಲ್ಲೆಗೆ ಮರುಳಾಗಿದ್ದಾರೆ. ಹಸಿ ಮರ ಒಣಗುತ್ತಾ ಬಾಗುತ್ತದೆ, ತೊಗಟೆ ಉದುರುತ್ತದೆ. ಅದಕ್ಕಿಂತ ಕನ್ನಡ ಕೂಟದ ಅಡುಗೆ ಸಾಮಾನಿನಲ್ಲಿ ಸಿಗುವ ಸ್ಟೀಲಿನ ಕೊಳಗ ಎಷ್ಟೋ ವಾಸಿ. ಬದಿ ನೆಟ್ಟಗಿರುತ್ತದೆ, ಕವುಚಿ ಹಾಕಿದರೆ ಬಾಯಿಯ ಅಂಚು ಸುತ್ತಲೂ ಮೇಜಿಗೆ ಕೂರುತ್ತದೆ. ಅಡ್ಡಳತೆ 12 ಇಂಚಿಗೆ ಕಡಿಮೆಯಿರಬಾರದು. ತಳದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ: ಒಲೆಯ ಕಾವಿಗೆ ನಡು ಉಬ್ಬಿದ್ದರೆ ಸ್ಕೇಲ್ ಏತದ ಹಾಗೆ ಎರಡೂ ಕಡೆ ಆಡುತ್ತದೆ. ಆಗ ತಳದ ಅಂಚಿನ ಸುತ್ತ ಕಾರ್ಡ್‌ಬೋರ್ಡ್ ಪಟ್ಟಿ ಅಂಟಿಸಿ ಉಬ್ಬಿನ ಮಟ್ಟಕ್ಕೆ ತಂದು, ಮೇಲೆ 18 ಮಿಲಿಮೀಟರ್ ಪ್ಲೈವುಡ್ಡಿನ 16 ಇಂಚಿನ ಬಿಲ್ಲೆ ಕೂರಿಸಿ. ಪ್ಲೈವುಡ್ ಕೊಳಗದಿಂದ ಹೊರಚಾಚುವ ಕಾರಣ ಇವೆರಡನ್ನೂ ಗಟ್ಟಿ ಟೇಪಿನಿಂದ ಬಿಗಿಯಬೇಕು, ಭಾರ ನಡುವಿಗೇ ಬರಬೇಕು. ಬದಿಗೆ ಜರಿ ಅಂಚಿನ ಬಟ್ಟೆ ಸುತ್ತಿದರೆ ಹಿಡಿಕೆ ಮರೆಯಾಗುತ್ತದೆ. ಗುಂಡುಪಿನ್ನು ಮಾತ್ರ ಬೇಡ, ಡಬಲ್ ಟೇಪ್ ಬಳಸಿ. ಕೇಕಿನ ಹತ್ತಿರ ಬಿದ್ದ ಪಿನ್ನು ಯಾರ ಬಾಯಿಗೆ ಹೋದೀತೋ.

ಹಸೆಮಣೆಯನ್ನೇ ಕೇಕಿಗೆ ಇಡುವವರೂ ಇದ್ದಾರೆ. ನನ್ನ ಮನಸ್ಸಿಗೆ ಒಪ್ಪದು. ಅದು ಬಿಡಿ, ಅಗಲ ಕಡಿಮೆಯಿದ್ದರೆ ದೊಡ್ಡ ಬೋರ್ಡು ಅದರ ಮೇಲೆ ನಿಲ್ಲುವುದೂ ಇಲ್ಲ.

ಹುಲ್ಲುಹಾಸಿನ ಮೇಲೆ ಡೇರೆ ಹಾಕಿದ ಕಡೆ ನೆಲ ಓರೆ ಇದ್ದೇ ಇರುತ್ತದೆ. ಗಾರೆಯವರ ರಸಮಟ್ಟವನ್ನು ಸ್ಟ್ಯಾಂಡಿನ ತಲೆಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಬೇಕು. ತಗ್ಗಿದ್ದ ಕಡೆ ಮೇಜಿನ ಕಾಲಡಿ ಮರದ ಚಕ್ಕೆ ಕೊಡಿ. ಸ್ಟ್ಯಾಂಡಿನಡಿ ಕೊಟ್ಟ ಚಕ್ಕೆ ಮೇಜುಬಟ್ಟೆಯ ಮೇಲೆ ಜರುಗುತ್ತದೆ. ಇದೆಲ್ಲ ಮುಗಿದ ಮೇಲೆಯೇ ಕೇಕು ಬರಬೇಕು, ಸ್ಟ್ಯಾಂಡಿನ ಸಮೇತ ಕೇಕು ಎತ್ತುವ ಸಾಹಸ ಬೇಡ. ಮೇಜುಬಟ್ಟೆ ನೆಲಕ್ಕೆ ಹರಡಿಕೊಂಡಿದ್ದರೆ ಮಡಚಿ ಕಟ್ಟಿ, ಮಕ್ಕಳು ಎಳೆಯದೆ ಬಿಡುವುದಿಲ್ಲ.

ಇಲ್ಲಿ ಮದುವೆ ಮಾಡುವವರು ಕೇಕಿಗೆ ಮುಂಗಡ ಕೊಡುವಾಗಲೇ ಒಂದು ಮಾತು ಹಾಕಲಿ: ಸ್ಟ್ಯಾಂಡು ನಿಮ್ಮದೇ, ಜೋಡಣೆಯೂ ನಿಮ್ಮದೇ. ಹೆಚ್ಚು ಹಣ ಕೇಳಿದರೂ ಕೊಡುವುದು ಲೇಸು. ಒಪ್ಪದಿದ್ದರೆ ತಳದ ಬೋರ್ಡಿನ ಅಳತೆ, ಒಟ್ಟು ತೂಕ ಬರೆಸಿಕೊಂಡು ಸ್ಟ್ಯಾಂಡಿನವರಿಗೆ ಕಳಿಸಿ. ಹಾಲ್‌ನವರು ರಾತ್ರಿಯೇ ಖಾಲಿ ಮಾಡಿಸುವುದರಿಂದ ಸ್ಟ್ಯಾಂಡು, ಚಾಕು, ತಿರುಪುಗಳನ್ನು ಎಣಿಸಿ ಡಬ್ಬಕ್ಕೆ ತುಂಬುವವರನ್ನೂ ಆಗಲೇ ಗೊತ್ತುಮಾಡಿ. ಒಂದು ತಿರುಪು ಕಳೆದರೂ ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ.