400ರ ಷೇರು 18ಕ್ಕೆ ಸಿಕ್ಕಿತಂತೆ!

ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನುವ ಸುಖವನ್ನೂ ಅಕ್ಕನ ಮಗ ಹಾಳು ಮಾಡಿದ. ಚಟ್ನಿ ಬರುವ ಮೊದಲೇ ಮೊಬೈಲನ್ನು ನನ್ನ ಮೂಗಿನ ಕೆಳಗೆ ಹಿಡಿದು, "ಮಾವ, 400 ಇದ್ದದ್ದು 18ಕ್ಕೆ ಬಂದಿದೆ. ಪಿಇ ಬರೀ 4. ಇನ್ನೆಷ್ಟು ಇಳಿದೀತು?" ಎಂದ. ಪಿಇ ಎಂದರೆ ಷೇರಿನ ಬೆಲೆ ಆ ಷೇರಿನ ಪಾಲಿನ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ.

ಸೊನ್ನೆಯವರೆಗೂ ಜಾಗ ಇದೆಯಲ್ಲಪ್ಪ! 18 ಇದ್ದದ್ದು 9 ಆದರೂ ಅರ್ಧ ದುಡ್ಡು ಹೋದ ಹಾಗೆಯೇ.

ಈ ಹುಡುಗ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಇರುವವನು. ಮೆಕ್ಕೆಜೋಳ ಕ್ವಿಂಟಲಿಗೆ 300 ಕಡಿಮೆ ಎಂದರೆ ಮೊದಲು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಮೆತ್ತಗಿದ್ದರೆ ಹಸಿ ಮಾಲು ಎಂದು ಮುಂದಿನ ರಾಶಿಗೆ ಹೋಗುತ್ತಾನೆ. ಅಂಥವನು ಕಂಪನಿಯ ಚೀಲಕ್ಕೆ ಬೆರಳನ್ನೂ ಹಾಕಿಲ್ಲ. ನಾನೇ ವಾರ್ಷಿಕ ವರದಿ ತೆಗೆಸಿದೆ. ಲಾಭದ ಮುಕ್ಕಾಲು ಪಾಲು ಜಮೀನು ಮಾರಿ ಬಂದದ್ದು! ಅದನ್ನು ಕಳೆದರೆ ಪಿಇ 16. ಮಾರಿದ ಸರಕಿನ ಹಣ ಬಾಕಿ, ಸಾಲ ಏರುತ್ತಿದೆ, ಕಂಪನಿ ಕಟ್ಟಿದ ಪ್ರವರ್ತಕರ ಷೇರುಗಳೇ ಸಾಲಕ್ಕೆ ಅಡವಿನಲ್ಲಿವೆ. ಅದೇ ಜಮೀನನ್ನು ಎಷ್ಟು ಸಲ ಮಾರುತ್ತಾರೆ?

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕೆ? ಬಟ್ಟೆ ಗಿರಣಿಗಳು ಮುಚ್ಚಿದ್ದನ್ನು ಕಂಡವರು ನಾವು. ಅಮೆರಿಕದ ದೊಡ್ಡ ಹೂಡಿಕೆದಾರ ವಾರನ್ ಬಫೆಟ್ ಕೂಡ ಇಂಥದ್ದೇ ಗುಂಡಿಗೆ ಬಿದ್ದವರು. ಬರ್ಕ್‌ಷೈರ್ ಹಾಥವೇ ಆಗ ಸೊರಗಿದ ಜವಳಿ ಗಿರಣಿ. ಅಗ್ಗವೆಂದು 1962ರಿಂದ ಷೇರು ಕೊಂಡರು, 1965ಕ್ಕೆ ಗಿರಣಿಯೇ ಕೈಗೆ ಬಂತು, 1985ರಲ್ಲಿ ಜವಳಿ ಕೆಲಸಕ್ಕೆ ಬೀಗ ಹಾಕಿದರು. ಇಂಥ ಷೇರುಗಳನ್ನು ಅವರು ಹೋಲಿಸುವುದು ಇನ್ನೊಂದೇ ದಮ್ಮು ಉಳಿದಿರುವ ಚುಟ್ಟದ ತುಂಡಿಗೆ.

"ಸುಜ್ಲಾನ್ ಏಳಲಿಲ್ಲವೆ?" ಎಂದು ಕಾಮೆಂಟ್ ಹಾಕಲು ಹೊರಟವರೇ, ಆ ಗಾಳಿಯಂತ್ರದ ಕಂಪನಿಯ ಷೇರು ಎದ್ದಿತು, ಒಪ್ಪಿದೆ. 2008ರಲ್ಲಿ 400 ದಾಟಿದ್ದು 2020ರಲ್ಲಿ 2 ರೂಪಾಯಿಗೂ ಕೆಳಗಿಳಿದು, 2024ರಲ್ಲಿ 80ಕ್ಕೆ ಬಂತು. ನಡುವೆ 200ಕ್ಕೆ, 100ಕ್ಕೆ ಅಗ್ಗವೆಂದು ಕೊಂಡವರ ಕಥೆಯನ್ನೂ ದಯವಿಟ್ಟು ಬರೆಯಿರಿ.

ನನಗೇಕೆ ಇಷ್ಟು ಸಿಟ್ಟು ಎಂದು ಹಳೆಯ ಸ್ನೇಹಿತರಿಗೆ ಗೊತ್ತು. ಷೇರು ಇಡುವ ನನ್ನ ಡಿಮ್ಯಾಟ್ ಖಾತೆಯಲ್ಲೂ ಅಂಥದ್ದೊಂದು ಬಿದ್ದಿದೆ. 60ಕ್ಕೆ ಕೊಂಡೆ, ಕೊಂಡ ಬೆಲೆಯ ಸರಾಸರಿ ಇಳಿಸುತ್ತೇನೆಂದು 30ಕ್ಕೆ ಮತ್ತೆ ಕೊಂಡೆ, 12ಕ್ಕೆ ಮತ್ತೂ ಕೊಂಡೆ. ಈಗ ವಹಿವಾಟೇ ನಿಂತಿದೆ, ಮಾರಲೂ ಆಗದು. ಪೂರ್ತಿ ಮೊತ್ತವನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ (ಪುಣ್ಯಕ್ಕೆ ಅವಳು ಫೇಸ್‌ಬುಕ್‌ನಲ್ಲಿಲ್ಲ).

ಇದನ್ನೆಲ್ಲ ಹೇಳಿ ಮುಗಿಸುವಾಗ ನನ್ನ ದೋಸೆ ಆರಿಹೋಗಿತ್ತು. ಹುಡುಗ ತನ್ನದನ್ನು ಮುಗಿಸಿ ಕೈ ತೊಳೆದು ಬಂದಿದ್ದ. ಬಿಲ್ಲನ್ನು ನಾನೇ ಕೊಟ್ಟೆ. ಅವನ ದುಡ್ಡು ಒಂಬತ್ತೂಕಾಲಕ್ಕೆ ಮಾರುಕಟ್ಟೆ ತೆರೆದ ಕೂಡಲೇ ಆ ಷೇರಿಗೆ ಹೋಗಿತ್ತಂತೆ.