ಅಜ್ಜ ಮಾಡಿದ ಬ್ರಾಡ್‌ಕಾಸ್ಟ್

ನಮ್ಮಜ್ಜ ರಾಗಿ ಚೆಲ್ಲುವಾಗ ಪಂಚೆಯ ಮಡಿಲಲ್ಲಿ ಬೀಜ ತುಂಬಿಕೊಂಡು ಹೆಜ್ಜೆಗೊಮ್ಮೆ ಕೈ ಬೀಸುತ್ತಿದ್ದರು. ಅವರು ಮಾಡುತ್ತಿದ್ದದ್ದು ಬ್ರಾಡ್‌ಕಾಸ್ಟ್ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ತಮಾಷೆಯಲ್ಲ. ಬ್ರಾಡ್ ಅಂದರೆ ಅಗಲ, ಕಾಸ್ಟ್ ಅಂದರೆ ಎಸೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪದ ಇದ್ದದ್ದು ರೈತರ ಬಾಯಲ್ಲಿ. ಜೆತ್ರೊ ಟುಲ್ ಎಂಬಾತ ಸಾಲಾಗಿ ಬಿತ್ತುವ ಯಂತ್ರ ಮಾಡಿದ್ದ, ನಮ್ಮ ಕೂರಿಗೆಯ ದೂರದ ನೆಂಟ ಅನ್ನಿ. ಸಾಲು ಹಿಡಿದು ಬಿತ್ತಿದರೆ ಡ್ರಿಲ್, ಕೈಯಲ್ಲಿ ಎರಚಿದರೆ ಬ್ರಾಡ್‌ಕಾಸ್ಟ್. ಆಮೇಲೆ ಜನ ಸುದ್ದಿಯನ್ನೂ ಹೀಗೇ ಎರಚತೊಡಗಿದರು. 1920ರ ದಶಕದಲ್ಲಿ ರೇಡಿಯೋ ಬಂದಾಗ ಈ ಪದವನ್ನೇ ಎತ್ತಿಕೊಂಡಿತು. 1922ರಲ್ಲಿ ಹುಟ್ಟಿದ ಬಿಬಿಸಿಯ ಹೆಸರಿನ ನಡುವೆ ಇರುವುದು ಇದೇ ಬಿತ್ತನೆ. ಹೊಂದುವ ಪದವೇ ಬಿಡಿ. ಯಾವ ಮನೆಯಲ್ಲಿ ಯಾರ ಕಿವಿಗೆ ಬೀಳುತ್ತದೋ ಎಸೆದವನಿಗೆ ಗೊತ್ತಿಲ್ಲ.

ಇತ್ತ ಮೈಸೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಅಂತ ಹೆಸರಾಯಿತು. ಹೊಲದ ಮಣ್ಣಿನಿಂದ ನೇರ ಆಕಾಶಕ್ಕೆ!

ಆದರೆ ನಮ್ಮ ಪತ್ರಿಕೆಗಳು ಬರೆಯುವ 'ಬಿತ್ತರಿಸು' ನೋಡಿ. ಬಿತ್ತುವುದರಿಂದಲೇ ಬಂದಿದೆ ಅನ್ನಿಸುತ್ತದೆ, ಅಲ್ವಾ? ನಾನೂ ಹಾಗೇ ನಂಬಿ ಒಂದಿಬ್ಬರ ಮುಂದೆ ಜಂಭ ಕೊಚ್ಚಿದ್ದೆ. ಅಲ್ಲವಂತೆ. ಅದು ಸಂಸ್ಕೃತದ ವಿಸ್ತರ ನಾಲಗೆಯಲ್ಲಿ ಸವೆದು ಬಿತ್ತರವಾದದ್ದು. ಬೀಜಕ್ಕೂ ಅದಕ್ಕೂ ನಂಟೇ ಇಲ್ಲ. ನಿಘಂಟು ಮುಚ್ಚಿಟ್ಟ ಮೇಲೂ ನನಗೆ ಆ 'ರಿಸು'ವಿನ ಹಿಂದೆ ಬಿತ್ತನೆಯೇ ಕಾಣುತ್ತದೆ.

ಈಗ ವಾಟ್ಸಾಪಿನಲ್ಲೂ ಬ್ರಾಡ್‌ಕಾಸ್ಟ್ ಇದೆ. ಯುಗಾದಿಗೆ ಪಟ್ಟಿ ಮಾಡಿ, ಒಂದೇ ಶುಭಾಶಯವನ್ನು ನೆಂಟರಿಗೆಲ್ಲ ಎರಚಿದೆ. ಉತ್ತರ ಬಂದದ್ದು ಏಳೋ ಎಂಟೋ. ಜನ ಬದಲಾದರು ಅಂತ ಬೇಜಾರಾಯಿತು. ಆಮೇಲೆ ತಿಳಿಯಿತು, ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದಂತೆ. ಈ ನಿಜ ಗೊತ್ತಾದ ಮೇಲೆ ಬೇಜಾರು ಇನ್ನೂ ಜಾಸ್ತಿಯಾಯಿತು.

ಅಜ್ಜ ಎಸೆದದ್ದೂ ಒಂದಿಷ್ಟು ಬದುವಿನ ಮೇಲೆ ಬೀಳುತ್ತಿತ್ತು. ಅದನ್ನು ಗುಬ್ಬಿಗಳಾದರೂ ತಿನ್ನುತ್ತಿದ್ದವು.